ಬಾಯಿ ಬಿಡದ ಮಹಿಳೆಗೆ ಸಮನ್ಸ್ ಜಾರಿ ಮಾಡಿದ ಅಮೀನರ ಸನ್ನಿಧಿಗೆ

ನ್ಯಾಯಾಲಯದ ಕಾಗದಗಳನ್ನು ಬಗಲಿಗೆ ಏರಿಸಿಕೊಂಡು ಬೀದಿ ಬೀದಿ ಅಲೆಯುವ ಮಾನ್ಯ ಅಮೀನರೇ,

ತಮಗೂ, ತಮ್ಮ ಚರ್ಮದ ಚೀಲಕ್ಕೂ, ಅದರೊಳಗೆ ಮೂಲೆ ಮಡಚಿಕೊಂಡು ಮಲಗಿರುವ ಸಮಸ್ತ ಸಮನ್ಸುಗಳಿಗೂ ನನ್ನ ಸಾಷ್ಟಾಂಗ ನಮಸ್ಕಾರಗಳು. ನಾನು ತಮ್ಮ ಅಪ್ಪಟ ಅಭಿಮಾನಿ. ನನ್ನ ವಯಸ್ಸಿನವರು ನಟರಿಗೂ ಆಟಗಾರರಿಗೂ ಅಭಿಮಾನಿ ಗ್ರೂಪು ತೆರೆಯುತ್ತಾರೆ. ನಾನು ತಮ್ಮ ಹೆಸರಿನಲ್ಲಿ ಒಂದನ್ನು ತೆರೆದಿದ್ದೇನೆ. ಸದ್ಯಕ್ಕೆ ಅದರಲ್ಲಿ ನಾನೂ ಚಿಕ್ಕಮ್ಮನೂ ಇಬ್ಬರೇ ಇದ್ದೇವೆ, ಚಿಕ್ಕಮ್ಮ ಮ್ಯೂಟ್ ಮಾಡಿದ್ದಾರೆ.

ಚಿಕ್ಕಮ್ಮ ಎಂದರೆ ತಮಗೆ ನೆನಪಾಗಲಿಕ್ಕಿಲ್ಲ, ಏಕೆಂದರೆ ತಾವು ಅವರನ್ನು ನೋಡಿಯೇ ಇಲ್ಲ. ಇಸ್ತ್ರಿ ಅಂಗಡಿಯ ಪಕ್ಕದ ಟೈಲರ್ ಅವರು, ನಾನು ಅಲ್ಲಿ ಗುಂಡಿ ಹೊಲಿಯುತ್ತೇನೆ. ಹೋದ ತಿಂಗಳು ನಮ್ಮ ಬಾಡಿಗೆ ಅಂಗಡಿಯ ಮಾಲೀಕರು ಕೋರ್ಟಿನ ಆದೇಶದ ಪ್ರತಿ ಬೀಸಿಕೊಂಡು ಬಂದು, "ಕೇಸು ಮುಗೀತಮ್ಮ, ಅಂಗಡಿ ಖಾಲಿ ಮಾಡಿ. ನನ್ನ ಕೋರ್ಟು ಖರ್ಚೂ ನೀವೇ ಕೊಡ್ಬೇಕಂತೆ" ಎಂದರು. ಚಿಕ್ಕಮ್ಮ ಕತ್ತರಿ ಕೆಳಗಿಟ್ಟು, "ಯಾವ ಕೇಸು ಸ್ವಾಮಿ? ಶುರುವಾಗಿದ್ದೇ ನಂಗೆ ಗೊತ್ತಿಲ್ವಲ್ಲ!" ಎಂದರು. ಕೋರ್ಟಿಗೆ ಓಡಿ ನಕಲು ತೆಗೆಸಿದಾಗಲೇ ತಮ್ಮ ಬರವಣಿಗೆಯ ಪರಿಚಯ ನಮಗಾದದ್ದು. ಆ ವರದಿಯನ್ನು ನಾನು ಬಾಯಿಪಾಠ ಮಾಡಿದ್ದೇನೆ, ಅಪ್ಪಣೆಯಾದರೆ ಇಲ್ಲಿ ಒಪ್ಪಿಸುತ್ತೇನೆ:

"ಸ್ಥಳಕ್ಕೆ ಹೋಗಲಾಗಿ, ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡು, ಒಂದೇ ತೋಳಿನ ನೀಲಿ ಕೋಟು ಧರಿಸಿದ್ದ ಎತ್ತರದ ಮಹಿಳೆಯು ಅಂಗಡಿ ಬಾಗಿಲಲ್ಲಿ ನಿಂತಿದ್ದು, ಸಮನ್ಸ್ ನೀಡಲಾಗಿ ಕೈ ಚಾಚಲಿಲ್ಲ. ಪದೇ ಪದೇ ಕೇಳಿದರೂ ಬಾಯಿ ಬಿಡದೆ, ಎದುರು ಗೋಡೆಯನ್ನೇ ನೋಡುತ್ತಾ ಉದ್ಧಟತನದಿಂದ ನಿರಾಕರಿಸಿರುತ್ತಾರೆ. ಅಕ್ಕಪಕ್ಕದವರು ಸಾಕ್ಷಿ ಸಹಿಗೆ ಒಪ್ಪಲಿಲ್ಲ. ಸಮನ್ಸ್ ಜಾರಿಯಾಗಿದೆ."

ಇದನ್ನು ಓದಿ ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಇದು ಖಂಡಿತ ನಾನಲ್ಲ. ಬಾಯಿ ಮುಚ್ಕೊಂಡು ಇಷ್ಟೊತ್ತು ನಿಲ್ಲೋದು ನನ್ನ ಕೈಲಾಗುತ್ತಾ?"

ಮಾನ್ಯರೇ, ತಮ್ಮನ್ನು ಅಷ್ಟೊಂದು ಅವಮಾನಿಸಿದ ಆ ಉದ್ಧಟ ಮಹಿಳೆ ನಮ್ಮ ಅಂಗಡಿಯ ಬೊಂಬೆ. ಪ್ಲಾಸ್ಟಿಕ್ಕಿನವಳು, ಅರ್ಧ ಹೊಲಿದ ಬಟ್ಟೆಯನ್ನು ಹಾಕಿ ನೋಡುವುದಕ್ಕೆಂದು ಇಟ್ಟವಳು. ಇಸ್ತ್ರಿಯವರು ಅವಳಿಗೆ ಮೌನಕ್ಕ ಎಂದು ಹೆಸರಿಟ್ಟಿದ್ದಾರೆ. ಕೋಟಿಗೆ ಒಂದೇ ತೋಳಿದ್ದದ್ದು ಇನ್ನೊಂದನ್ನು ಚಿಕ್ಕಮ್ಮ ಒಳಕೋಣೆಯಲ್ಲಿ ಜೋಡಿಸುತ್ತಿದ್ದರಿಂದ. ಟೇಪನ್ನು ಅವಳ ಕೊರಳಿಗೆ ಹಾಕುವುದು ಚಿಕ್ಕಮ್ಮನ ಅಭ್ಯಾಸ, ಇಲ್ಲದಿದ್ದರೆ ಬಟ್ಟೆಯ ರಾಶಿಯಲ್ಲಿ ಅದು ಸಿಗುವುದೇ ಇಲ್ಲ. ಟೇಪು ಇದ್ದವರೇ ಟೈಲರು ಎಂದು ಕ್ಷಣದಲ್ಲಿ ಗ್ರಹಿಸಿದ ತಮ್ಮ ಬುದ್ಧಿಗೆ ಒಂದು ಲೈಕ್ ಸಾಲದು.

ಇನ್ನೂ ಸೊಗಸಾದ ವಿಷಯವೆಂದರೆ, ತಮ್ಮ ದನಿ ಚಿಕ್ಕಮ್ಮನಿಗೆ ಕೇಳಿಸಿತ್ತು. "ತಗೊಳ್ತೀರೋ ಇಲ್ವೋ, ಒಂದು ಮಾತು ಹೇಳಿಬಿಡಿ" ಎಂದು ತಾವು ಗದರಿದಾಗ, ತೋಳಿಗೆ ಚುಚ್ಚಲು ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿ ಹಿಡಿದಿದ್ದ ಅವರು ಯಾರೋ ಸೋಪು ಮಾರುವವರಿರಬೇಕು ಎಂದುಕೊಂಡು "ಹ್ಞೂಂಹ್ಞೂಂ" ಎಂದರಂತೆ. ಪಿನ್ನು ಉಗಿದು ಹೊರಗೆ ಬರುವಷ್ಟರಲ್ಲಿ ತಾವು ಜಾರಿ ಮುಗಿಸಿ ಬೀದಿ ತಿರುಗಿಯಾಗಿತ್ತು. ಆ "ಹ್ಞೂಂಹ್ಞೂಂ" ಎನ್ನುವುದನ್ನು ತಾವು ವರದಿಯಲ್ಲಿ ಬರೆಯದೆ ಬಿಟ್ಟದ್ದು ತಮ್ಮ ದೊಡ್ಡ ಗುಣ.

ನಮ್ಮ ಚಾಟುಗಳಲ್ಲಿ ಎದುರಿನವರು ಮೆಸೇಜು ತೆರೆದ ಮೇಲಷ್ಟೇ ನೀಲಿ ಟಿಕ್ಕು ಮೂಡುತ್ತದೆ. ತಾವಾದರೋ ಕಣ್ಣುಗುಡ್ಡೆಯನ್ನೇ ಬಣ್ಣದಲ್ಲಿ ಬರೆಸಿಕೊಂಡವರಿಂದಲೂ ನೀಲಿ ಟಿಕ್ಕು ತರಿಸುತ್ತೀರಿ. ಆ ಒಂದು ಟಿಕ್ಕನ್ನು ನಂಬಿ ಕೋರ್ಟಿನಲ್ಲಿ ಚಿಕ್ಕಮ್ಮನ ಹೆಸರನ್ನು ವರಾಂಡದುದ್ದಕ್ಕೂ ಕೂಗಿದರಂತೆ, ಯಾರೂ ಓಗೊಡಲಿಲ್ಲವಂತೆ, ಹಾಗಾಗಿ ಮಾಲೀಕರ ಮಾತನ್ನಷ್ಟೇ ಕೇಳಿ ಏಕಪಕ್ಷೀಯ ಆದೇಶವಾಯಿತಂತೆ. ಕೂಗಿದ ಹೊತ್ತಿಗೆ ಚಿಕ್ಕಮ್ಮ ಯಾರದೋ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿದ್ದಿರಬೇಕು. ವೆಚ್ಚದ ಪಟ್ಟಿಯಲ್ಲಿ ತಮ್ಮ ಆ ಭೇಟಿಯ ಶುಲ್ಕವೂ ಸೇರಿದೆ. ನಮ್ಮ ಬೊಂಬೆಯನ್ನು ತಾವು ಬೈದುಹೋದದ್ದಕ್ಕೆ ನಾವು ದುಡ್ಡು ಕಟ್ಟಬೇಕಿದೆ ಎಂಬುದನ್ನು ಅಭಿಮಾನದಿಂದಲೇ ತಿಳಿಸುತ್ತಿದ್ದೇನೆ.

ಆದೇಶ ರದ್ದುಪಡಿಸಿ ಎಂಬ ನಮ್ಮ ಅರ್ಜಿ ಕಳೆದ ಸೋಮವಾರ ವಿಚಾರಣೆಗೆ ಬಂತು. "ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ, ಅವಳನ್ನೇ ಕರ್ಕೊಂಡು ಹೋಗೋಣ" ಎಂದು ಚಿಕ್ಕಮ್ಮ ಹಟ ಹಿಡಿದರು. ಗಿರಾಕಿ ಇನ್ನೂ ಒಯ್ಯದ ಅದೇ ನೀಲಿ ಕೋಟು ತೊಡಿಸಿ ನಾನು ಮೌನಕ್ಕನ ಸೊಂಟ ಹಿಡಿದೆ, ಬಿಚ್ಚಿ ಬರುವ ಎಡಗೈಯನ್ನು ಚಿಕ್ಕಮ್ಮ ಕಂಕುಳಲ್ಲಿ ಇರುಕಿಕೊಂಡರು. ಗೇಟಿನ ಕಾವಲಿನವರು ಅವಳನ್ನೂ ಯಂತ್ರದೊಳಗೆ ಹಾಯಿಸಿ, "ಇವರ ಮೊಬೈಲು ಎಲ್ಲಿ?" ಎಂದರು. ಒಳಗೆ ಅಟೆಂಡರು ಹಿಂದಿನ ಬೆಂಚಿನಿಂದಲೇ, "ಏ, ಆ ಮೇಡಮ್ಮಿಗೆ ಕೂರೋಕೆ ಹೇಳ್ರಿ, ಹಿಂದಿನೋರಿಗೆ ಕಾಣಲ್ಲ" ಎಂದು ಗದರಿದರು. ಅವರಿಗೂ ಅವಳು ಉತ್ತರ ಕೊಡಲಿಲ್ಲ; ತಮ್ಮ ಮೇಲೆ ಅವಳಿಗೆ ವಿಶೇಷ ದ್ವೇಷವೇನೂ ಇಲ್ಲ ಎಂಬುದು ಇದರಿಂದ ಸಾಬೀತಾಗುತ್ತದೆ.

ನ್ಯಾಯಾಧೀಶರು ತಮ್ಮ ವರದಿಯನ್ನೊಮ್ಮೆ, ನೀಲಿ ಕೋಟನ್ನೊಮ್ಮೆ ನೋಡಿ, "ನಿರಾಕರಿಸಿದ್ದು ಇವರೇನಾ?" ಎಂದು ಕೇಳಿದರು. "ಇವಳೇ ಸ್ವಾಮಿ. ಅಂಗಡಿಗೆ ಬಂದಾಗಿಂದ ನನ್ನ ಹತ್ರಾನೂ ಒಂದು ಮಾತಾಡಿಲ್ಲ" ಎಂದರು ಚಿಕ್ಕಮ್ಮ. ನ್ಯಾಯಾಧೀಶರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ತುಸು ಹೊತ್ತು ಏನನ್ನೋ ಬಹಳ ಹತ್ತಿರದಿಂದ ಓದಿದರು. ಅಷ್ಟರಲ್ಲಿ ಮಾಲೀಕರ ವಕೀಲರು ಎದ್ದು, ಬೊಂಬೆಯ ಪರವಾಗಿ ಯಾರೂ ವಕಾಲತ್ತು ಹಾಕಿಲ್ಲವಾದ್ದರಿಂದ ಅವರ ಹಾಜರಿಯನ್ನು ಪರಿಗಣಿಸಬಾರದು ಎಂದರು. ಆಮೇಲೆ, ಆದೇಶವಾದ ದಿನವೇ ಮಾಲೀಕರ ಪರ ತಾನು ಹಾಕಿದ್ದ ವಕಾಲತ್ತೂ ಮುಗಿದಿದೆ, ಹೊಸ ಅರ್ಜಿಯ ನೋಟಿಸನ್ನು ಮಾಲೀಕರ ಕೈಗೇ ಕೊಡಬೇಕು ಎಂದು ಸೇರಿಸಿ ಕುಳಿತರು.

ಹಾಗಾಗಿ ಬೀಗ ಹಾಕದಂತೆ ಮುಂದಿನ ತಾರೀಖಿನವರೆಗೆ ತಡೆಯಾಜ್ಞೆ ಸಿಕ್ಕಿದೆ. ಅಷ್ಟರೊಳಗೆ ಮಾಲೀಕರಿಗೆ ನೋಟಿಸು ಜಾರಿಯಾಗದಿದ್ದರೆ ತಡೆಯಾಜ್ಞೆ ತಾನಾಗಿಯೇ ಬಿದ್ದುಹೋಗುತ್ತದೆ, ಅದರೊಂದಿಗೆ ಅಂಗಡಿಯೂ. ಆ ನೋಟಿಸನ್ನು ಯಾರ ಚೀಲಕ್ಕೆ ಹಾಕಿದರು ಎಂದು ಕೇಳಿದಾಗ ಗುಮಾಸ್ತರು ಹೇಳಿದ್ದು, ಮಾನ್ಯ ಅಮೀನರೇ, ತಮ್ಮದೇ ಹೆಸರು. ಚಿಕ್ಕಮ್ಮ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು.

ಆದ್ದರಿಂದ ಕೆಲವು ವಿನಂತಿಗಳು. ಮೌನಕ್ಕನನ್ನು ಇಡೀ ಬೀದಿಯ ಅಧಿಕೃತ ಸ್ವೀಕೃತಿದಾರಳೆಂದು ನೇಮಿಸಿ, ನೀರಿನ ಬಿಲ್ಲು, ಬ್ಯಾಂಕಿನ ನೆನಪೋಲೆ, ಮದುವೆಗೆ ಹುಡುಗ ನೋಡಿ ಎಂಬ ನಂಟರ ಒತ್ತಾಯ ಎಲ್ಲವನ್ನೂ ಅವಳಿಗೇ ಜಾರಿ ಮಾಡಿಸಬೇಕು. ಕೋರ್ಟು ಖರ್ಚನ್ನು ಅವಳಿಂದಲೇ ವಸೂಲು ಮಾಡಬೇಕು, ಅವಳು ನಿರಾಕರಿಸುವುದಿಲ್ಲ ಎಂದು ನಾನು ಬರೆದುಕೊಡುತ್ತೇನೆ. ತಾವು ಇನ್ನೊಮ್ಮೆ ನಮ್ಮ ಬೀದಿಗೆ ಬಂದರೆ ತಮ್ಮ ಕೋಟಿನ ಅಳತೆಯನ್ನೂ ತೆಗೆದುಕೊಳ್ಳಲು ಚಿಕ್ಕಮ್ಮ ಸಿದ್ಧರಿದ್ದಾರೆ, ಪಿನ್ನುಗಳ ಸಮೇತ.

ಇವ್ಯಾವುದೂ ಆಗದಿದ್ದರೂ ಬೇಸರವಿಲ್ಲ. ಈ ಒಂದು ನೋಟಿಸನ್ನು ಮಾತ್ರ ನಿಜವಾಗಿ ತಲುಪಿಸಿ. ಆ ಅಂಗಡಿ ಹೋದರೆ ಚಿಕ್ಕಮ್ಮನಿಗೆ ಮೆಷೀನು ಇಡುವುದಕ್ಕೆ ಬೇರೆ ಜಾಗವಿಲ್ಲ. ಈ ಸಾಲನ್ನು ನಾನು ತಮಾಷೆಗೆ ಬರೆದಿಲ್ಲ.

ಇಷ್ಟಾದರೂ ವಿಶ್ವಾಸ ಕಳೆದುಕೊಳ್ಳದ, ತಮ್ಮ ವಿಶ್ವಾಸಿ,
ಗುಂಡಿ ಹೊಲಿಯುವ ಹುಡುಗಿ
(ತಮ್ಮ ಅಭಿಮಾನಿ ಗ್ರೂಪಿನ ಅಡ್ಮಿನ್)

ವಿ.ಸೂ.: ಮಾಲೀಕರ ಮನೆಯ ಗಂಟೆ ಒತ್ತಿದರೆ ಮೇಲಿನ ಕಿಟಕಿಯಿಂದ ಒಬ್ಬರು ತಲೆ ಹೊರಗೆ ಹಾಕಿ, "ಅವ್ರು ಊರಲ್ಲಿಲ್ಲ ಕಣ್ರೀ, ಯಾವಾಗ ಬರ್ತಾರೋ ಗೊತ್ತಿಲ್ಲ" ಎನ್ನುತ್ತಾರೆ. ಹಾಗೆ ಹೇಳುವವರೇ ಮಾಲೀಕರು. ಕೆಳಗಿಳಿದು ಬರುವವರೆಗೆ ದಯವಿಟ್ಟು ಅಲ್ಲೇ ನಿಂತಿರಿ.