ಟಾರ್ಚು ಹತ್ತಿಸಿದ ವರ

ಹೆಣ್ಣು ನೋಡಲು ಬಿಳಿಗೆರೆಗೆ ಬಂದ ಅಮೃತೇಶ ನಡುಮನೆಯಲ್ಲಿ ಕೂತನೋ ಇಲ್ಲವೋ, ಕರೆಂಟು ಹೋಯಿತು. ಮೋಡ ಕವಿದ ಸಂಜೆ ಬೇರೆ. ಮನೆಯೊಳಗೆಲ್ಲ ರೊಟ್ಟಿ ಹೆಂಚಿನ ತಳದಂತೆ ಕಪ್ಪಾಯಿತು.

ಅಮೃತೇಶ ನಂಜನಗೂಡಿನ ಕರೆಂಟ್ ಆಫೀಸಿನಲ್ಲಿ ಬಿಲ್ಲು ಬರೆಯುವ ಗುಮಾಸ್ತ. ತನ್ನ ಮನೆಯ ಫ್ಯೂಸು ಹೋದರೆ ಪಕ್ಕದ ಮನೆಯವರನ್ನು ಕರೆಯುವ ಆಸಾಮಿ. ಈ ಫ್ಯೂಸಿನ ಗುಟ್ಟು ಹುಡುಗಿಯ ತಂದೆ ಚಿಕ್ಕಬಸಪ್ಪನವರಿಗೆ ಹೇಗೆ ಗೊತ್ತಾಗಬೇಕು? ಉದ್ದನೆಯ ಸ್ಟೀಲ್ ಟಾರ್ಚನ್ನೂ ಬಿಡಿ ಸೆಲ್ಲುಗಳನ್ನೂ ತಂದು ಅವನ ಕೈಗಿಟ್ಟರು.

"ನೀವು ಕರೆಂಟ್‌ನೋರು, ಸೆಲ್ ಹಾಕ್ಕೊಡಿ. ಉಡ್ಗಿ ಮೊಕ ಕಾಣ್ಬೇಕಲ್ಲ."

ಅಮೃತೇಶ ಕೈಗೆ ಬಂದ ಹಾಗೆ ತುಂಬಿದ. ಟಾರ್ಚು ಹತ್ತಲಿಲ್ಲ. ಜೊತೆಗೆ ಬಂದಿದ್ದ ಸೋದರಮಾವ ದೊಡ್ಡಸಿದ್ದಯ್ಯ, ತಮ್ಮ ರೇಡಿಯೋದಲ್ಲಿ ಸೆಲ್ಲು ಒಂದು ಆ ಕಡೆ, ಒಂದು ಈ ಕಡೆ ಮುಖ ಮಾಡಿರುತ್ತವೆ ಎಂದರು. ಹಾಗೂ ಹಾಕಿದ. ವರನನ್ನು ನೋಡಲೆಂದೇ ಬಂದಿದ್ದ ಪಕ್ಕದ ಮನೆಯ ರಾಮಮ್ಮ, ಕರು ಕೆಚ್ಚಲಿಗೆ ಮೂತಿ ಇಡುವ ಹಾಗೆ ಸೆಲ್ಲಿನ ಮೂತಿ ಸ್ಪ್ರಿಂಗಿನ ಕಡೆಗಿರಬೇಕು ಎಂದು ತೀರ್ಪು ಕೊಟ್ಟಳು. ಹಾಗೆ ಒತ್ತಿ ಮುಚ್ಚಳ ತಿರುಗಿಸುವಾಗ ಸ್ಪ್ರಿಂಗು ಚಂಗನೆ ಹಾರಿ, ಹುಡುಗಿ ನಂದಿತಾ ತರುತ್ತಿದ್ದ ಉಪ್ಪಿಟ್ಟಿನೊಳಗೆ ಬಿತ್ತು.

ಅವಳು ಕತ್ತಲಲ್ಲೇ ಚಮಚದಿಂದ ತಡಕಿ, ತೆಗೆದುಕೊಟ್ಟು, ನಕ್ಕಳು. ಆ ನಗು ಕೇಳಿದ್ದೇ ಅಮೃತೇಶನಿಗೆ ಮದುವೆಯಾದರೆ ಇವಳನ್ನೇ ಎನಿಸಿಬಿಟ್ಟಿತು. ಸ್ಪ್ರಿಂಗು ಒರೆಸಿ, ಈ ಸಲ ಎಲ್ಲ ಸೆಲ್ಲುಗಳ ಮೂತಿಯನ್ನೂ ಬಲ್ಬಿನ ಕಡೆಗಿಟ್ಟು ಗುಂಡಿ ಒತ್ತಿದ. ಬೆಳಕು ನೇರವಾಗಿ ನಂದಿತಾಳ ಮುಖದ ಮೇಲೆ ಬಿತ್ತು. ಅವಳು ಮೆಚ್ಚುಗೆಯಿಂದ ನೋಡಿದಳು. ಅಷ್ಟಕ್ಕೇ ಅವನ ನಾಲಿಗೆ ಸಡಿಲವಾಯಿತು.

"ಕಂಬ ಹತ್ತೋ ಕೈಗೆ ಇದ್ಯಾವ ಲೆಕ್ಕ" ಎಂದ.

ಮೂಲೆಯಿಂದ ಅಜ್ಜಿ ಸಿದ್ದಲಿಂಗಮ್ಮ ಕೇಳಿದರು. "ಕಂಬಾನೂ ಅತ್ತೀಯಾ ಮಗ?"

"ದಿನಾ ಹತ್ತೋದೇ ಅಜ್ಜಿ."

ಮಾವ ತಿವಿದದ್ದು ಅವನಿಗೆ ತಿಳಿಯಲೇ ಇಲ್ಲ. ಅಜ್ಜಿ ಎದ್ದು ಮಗ ಚಿಕ್ಕಬಸಪ್ಪನವರನ್ನು ಒಳಕ್ಕೆ ಕರೆದುಕೊಂಡು ಹೋದರು. ತುಸು ಹೊತ್ತಿಗೆ ಚಿಕ್ಕಬಸಪ್ಪನವರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಬ್ಯಾಸ್ರ ಮಾಡ್ಕಬ್ಯಾಡಿ. ಕುಂತು ಬರೆಯೋ ಕೆಲ್ಸ ಅಂತ ಒಪ್ಪಿದ್ವಿ. ಜೀವ ಕೈಲಿಡ್ಕಂಡು ಕಂಬ ಅತ್ತೋರ್ಗೆ ಎಣ್ಣು ಕೊಡಾಕಿಲ್ಲ ಅಂತಾವ್ರೆ ಅವ್ವ."

ತಾನು ಜನ್ಮದಲ್ಲಿ ಒಂದು ಕಂಬವನ್ನೂ ಮುಟ್ಟಿಲ್ಲವೆಂದು ಅಮೃತೇಶ ಅಂಗಲಾಚಿದ. ಮಾವನೂ ಆಣೆ ಇಟ್ಟರು. ಚಿಕ್ಕಬಸಪ್ಪನವರು ಕನಿಕರದಿಂದ ತಲೆಯಾಡಿಸಿದರು. "ಉಡ್ಗಿ ಮ್ಯಾಲಿನ ಆಸೆಗೆ ಮಾಡೋ ಕೆಲ್ಸಾನೇ ಇಲ್ಲ ಅನ್ಬಾರ್ದು ಕಣಪ್ಪ."

ಹೊರಗೆ ಬಂದರೆ ಬೀದಿಗೆ ಬೀದಿಯೇ ನೆರೆದಿತ್ತು. ರಾಮಮ್ಮ ಆಗಲೇ ಸುದ್ದಿ ಮುಟ್ಟಿಸಿ, ಕೆಟ್ಟು ನಿಂತಿದ್ದ ಬೀದಿದೀಪದ ಕಂಬಕ್ಕೆ ಏಣಿ ಒರಗಿಸಿದ್ದಳು. "ಎಂಗೂ ಬಂದಿದೀಯ, ಒಸಿ ಅತ್ತಿ ನೋಡ್ಬುಟ್ಟು ಓಗಪ್ಪ" ಎಂದಳು.

ಅಮೃತೇಶ ಮಾವನ ಕಡೆ ತಿರುಗಿದ. ಅವರು ಬಸ್‌ಸ್ಟಾಪಿನ ದಾರಿ ಹಿಡಿದಾಗಿತ್ತು. ಕಿಟಕಿಯತ್ತ ನೋಡಿದ. ನಂದಿತಾ ಇವನನ್ನೇ ನೋಡುತ್ತ ನಿಂತಿದ್ದಳು.

ಅವನು ಚಪ್ಪಲಿ ಬಿಟ್ಟು, ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.