ಕಾಕಾನ ಕಾರ್ಬೈನ್ ಪಾಠ

ನಮ್ಮ ಕಾಕಾನ ಮುಂದೆ ಬಾಯಿ ತಪ್ಪಿ ‘ಬಂದೂಕು’ ಎಂದವರು ಊಟದ ಹೊತ್ತಿಗೆ ಮನೆ ಮುಟ್ಟಿದ್ದನ್ನು ಹುಕ್ಕೇರಿಯಲ್ಲಿ ಯಾರೂ ಕಂಡಿಲ್ಲ! ಗಾಬರಿಯಾಗಬೇಡಿ, ಕಾಕಾ ಅಂಥವರಿಗೆ ಗುಂಡು ಹಾಕುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂಡಿಸಿಕೊಂಡು ವ್ಯತ್ಯಾಸ ಹೇಳುತ್ತಿದ್ದರು. ಅದಕ್ಕಿಂತ ಗುಂಡೇ ವಾಸಿ ಎಂಬುದು ನಮ್ಮ ಅಜ್ಜಿಯ ಅಭಿಪ್ರಾಯ.

“ಬಂದೂಕ ಅಂದ್ರ ಯಾವ ಬಂದೂಕ್ರಿ? ದನಾ ಅಂದ್ರ ಎತ್ತೋ, ಎಮ್ಮಿಯೋ?”

ಇಲ್ಲಿಂದ ಶುರು. ಮಸ್ಕೆಟ್ಟಿನ ನಳಿಗೆ ಒಳಗೆ ನುಣ್ಣಗೆ. ಗುಂಡು ಹೋದತ್ತ ಹೋಯಿತು. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರು. ಗುಂಡು ಬುಗುರಿಯ ಹಾಗೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಕಾರ್ಬೈನ್ ಎಂದರೆ ಅದೇ ರೈಫಲ್ಲಿನ ಗಿಡ್ಡ ತಮ್ಮ. ಕುದುರೆ ಸವಾರ, ತೋಪಿನ ಪಡೆಯವ, ಹೀಗೆ ಕೈಗೆ ಬೇರೆ ಕೆಲಸ ಇದ್ದವರಿಗೆ ಅದು. ಹಗುರ, ಜೀನಿಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ನಳಿಗೆ ಗಿಡ್ಡವಾದರೆ ಗುಂಡಿನ ಓಟವೂ ಗಿಡ್ಡ. ಭುಜಕ್ಕೆ ಬೀಳುವ ಒದೆತ ಮಾತ್ರ ಹೆಚ್ಚು!

ಮೊದಲನೇ ಮಹಾಯುದ್ಧದಲ್ಲಿ ಕಾಕಾ ಬಸ್ರಾ ಕಡೆ ಹೋಗಿ ಬಂದಿದ್ದರು. ಹೇಸರಗತ್ತೆಗಳ ಮೇಲೆ ತೋಪು ಹೊರಿಸಿಕೊಂಡು ನಡೆಯುವ ಪಡೆ. ಕೈಗೆ ಕೊಟ್ಟದ್ದು ಒಂದು ಹಳೇ ಕಾರ್ಬೈನ್. ತಿರುಗಿ ಬರುವಾಗ ಕಾರ್ಬೈನನ್ನು ಸರ್ಕಾರಕ್ಕೆ ಒಪ್ಪಿಸಿದರು, ಅದರ ವಿಷಯವನ್ನು ಮಾತ್ರ ಮನೆಗೆ ತಂದರು. ನಮ್ಮ ಅಡುಗೆಮನೆಯಲ್ಲಿ ಒನಕೆ ರೈಫಲ್, ಲಟ್ಟಣಿಗೆ ಕಾರ್ಬೈನ್. ಬೆಲ್ಲದ ಬಾಗೇವಾಡಿಗೆ ಹೆಣ್ಣು ನೋಡಲು ಹೋದಾಗ ಬೀಗರಾಗಬೇಕಿದ್ದವರು ಪಾಪ, “ನಮ್ಮ ಮನ್ಯಾಗೂ ಒಂದು ಬಂದೂಕ ಐತ್ರಿ” ಅಂದುಬಿಟ್ಟರಂತೆ. ಸಂಜೆ ಕಾಕಾ ಮನೆಗೆ ಬಂದರು.

“ಹುಡುಗಿ ಹೆಂಗದಾಳೋ?” ಅಜ್ಜಿ ಕೇಳಿದಳು.

“ಅಯ್ಯ! ನೋಡೂದ ಮರತೆ, ಅವ್ವಾ.”

ಕಾಕಾ ಮದುವೆಯಿಲ್ಲದೆ ಹಾಗೇ ಉಳಿದರು.

ನಾನಾಗ ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಸಿಸ್ಟರ್ ಪ್ರಶ್ನೆ ಕೇಳುವುದು, ನಾವು ಒಕ್ಕೊರಲಿನಿಂದ ಉತ್ತರ ಹೇಳುವುದು, ಇದು ನಮ್ಮ ಕ್ಯಾಟೆಕಿಸಮ್. ರಜೆಯಲ್ಲಿ ಅದನ್ನು ಕೇಳಿ ಕಾಕಾ ಖುಷಿಯಾಗಿ ತಮ್ಮದೇ ಒಂದು ಕಟ್ಟಿದರು. ಅದರ ಕೊನೆಯ ಪ್ರಶ್ನೆ ನನಗೆ ಬಲು ಇಷ್ಟ.

“ದೂರದಾಗ ದೋಸ್ತ ಬಿದ್ದಾನ. ವೈರಿ ಬರಾಕತ್ತಾನ. ರೈಫಲ್ ಇದ್ದವ ಏನ್ ಮಾಡ್ತಾನ?”

“ಉಳಸ್ತಾನ್ರಿ!”

“ಕಾರ್ಬೈನ್ ಇದ್ದವ?”

“ನೋಡ್ಕೋತ ನಿಂದರತಾನ್ರಿ!”

ಮನೆಯೆಲ್ಲ ನಗುತ್ತಿತ್ತು. ಕಾಕಾ ತಂಬಾಕು ಉಗುಳಲು ಹಿತ್ತಲಿಗೆ ಹೋಗುತ್ತಿದ್ದರು. ಒಂದು ಬಾಯಿ ತಂಬಾಕು ಉಗುಳಲು ಅಷ್ಟು ಹೊತ್ತು ಬೇಕೆ? ಕಾನ್ವೆಂಟಿನಲ್ಲಿ ಅಷ್ಟೊಂದು ಪ್ರಶ್ನೋತ್ತರ ಕಲಿತ ನಾನು ಈ ಒಂದು ಪ್ರಶ್ನೆ ಕೇಳಲಿಲ್ಲ. ಐ ವಾಸ್ ಎ ಸಿಲ್ಲಿ ಗರ್ಲ್.

ಪ್ರತಿ ಬೇಸಿಗೆಯಲ್ಲಿ ಕಾಕಾ ಮೂಡಲಗಿಗೆ ಹೋಗುತ್ತಿದ್ದರು. ಅವರ ಸಂಗಡ ಯುದ್ಧಕ್ಕೆ ಹೊರಟು, ಕಾಲಾಳು ಪಲ್ಟನ್ ಸೇರಿ, ತಿರುಗಿ ಬಾರದ ಒಬ್ಬ ಗೆಳೆಯನ ತಾಯಿ ಅಲ್ಲಿದ್ದಳು. ಮಗ ದವಾಖಾನೆಯಲ್ಲಿ ಜ್ವರ ಬಂದು ಹೋದ, ಕೊನೆಗೆ ಬಾಯಿಗೆ ನೀರು ಬಿಟ್ಟದ್ದು ಕಾಕಾ; ಇದು ಆಕೆಗೆ ಗೊತ್ತಿದ್ದದ್ದು. ಆ ನೀರಿನ ಸಮಾಧಾನದ ಮೇಲೇ ಆಕೆ ಬದುಕಿದ್ದಳು.

ನನಗೆ ಹನ್ನೆರಡಾದಾಗ ನನ್ನನ್ನೂ ಕರೆದೊಯ್ದರು. ದಾರಿಯಲ್ಲಿ ಗೋಕಾಕದಲ್ಲಿ ಇಳಿದು ಮುದುಕಿಗೆ ಕರದಂಟು ಕೊಂಡೆವು. ಬಾಜೂಕ್ಕೆ ಗೊಂಬೆ ಅಂಗಡಿ. ಬಣ್ಣದ ಕಟ್ಟಿಗೆಯ ಕುದುರೆ, ಮೇಲೊಬ್ಬ ಸವಾರ, ಅವನ ಹೆಗಲಿಗೆ ಕುದುರೆಗಿಂತ ಉದ್ದದ ಬಂದೂಕು! ಕಾಕಾ ನಿಂತೇಬಿಟ್ಟರು.

“ಸವಾರಗ ಇಷ್ಟುದ್ದಂದು ಇರೂದಿಲ್ಲೋ ಮಾರಾಯಾ. ಗಿಡ್ಡ ಇರಬೇಕು, ಗಿಡ್ಡ!”

“ಹಂಗಾರ ಕುದರೀನ ಉದ್ದ ಮಾಡಿಕೊಡ್ತೀನಿ ತಡೀರಿ, ಸುಬೇದಾರ್ರ!”

ಕಾಕಾ ಗೊಂಬೆ ಕೊಂಡು, ಅಲ್ಲೇ ಚಾಕು ಇಸಿದುಕೊಂಡು ಬಂದೂಕಿನ ತುದಿ ಕೊಯ್ದು ನನ್ನ ಕೈಗಿತ್ತರು.

ಮೂಡಲಗಿಯ ಆ ಮನೆಯಲ್ಲಿ ಕಾಕಾ ಬೇರೆಯೇ ಮನುಷ್ಯ. ಮಳೆ, ಜೋಳ, ಎಮ್ಮೆ ಎಂದು ಮಾತಾಡಿದರು. ಆಯುಧದ ಸುದ್ದಿಯೇ ಇಲ್ಲ! ಮುದುಕಿ ನನ್ನ ಕೈಯ ಗೊಂಬೆ ಇಸಿದುಕೊಂಡು ತಿರುವಿ ನೋಡಿದಳು.

“ಇದರ ಬಂದೂಕ ಯಾಕ ಮೊಂಡ ಆಗೇತಿ, ತಂಗೀ?”

ನನಗೆ ಬಂದ ಲೆಸನ್! ಎದ್ದು ನಿಂತು, ಕೈ ಕಟ್ಟಿ, ಯುದ್ಧದಲ್ಲಿ ಕಾಕಾನಿಗೆ ಕೊಟ್ಟ ಕಾರ್ಬೈನಿನಿಂದ ಹಿಡಿದು ಪೂರ್ತಿ ಒಪ್ಪಿಸಿದೆ. ಕಾಕಾ ಎರಡು ಸಲ ನನ್ನ ಹೆಸರು ಹಿಡಿದು ಕರೆದರು, ನಾನು ನಿಲ್ಲಲಿಲ್ಲ. “ದೂರದಾಗ ದೋಸ್ತ ಬಿದ್ದಾನ. ಕಾರ್ಬೈನ್ ಇದ್ದವ ಏನ್ ಮಾಡ್ತಾನ? ನೋಡ್ಕೋತ ನಿಂದರತಾನ್ರಿ!”

ಯಾರೂ ನಗಲಿಲ್ಲ.

ಮುದುಕಿ ಕಾಕಾನ ಮೋರೆಯನ್ನೇ ನೋಡಿದಳು. “ಬಾಯಿಗೆ ನೀರ ಬಿಟ್ಟೆ ಅಂದಿದ್ದೆಲ್ಲೋ, ತಮ್ಮಾ?”

“ಸುಳ್ಳ ಹೇಳೇನಿ, ಅವ್ವಾ.” ಕಾಕಾನ ದನಿ ನನಗೆ ಗುರುತೇ ಸಿಗಲಿಲ್ಲ. “ಇಲ್ಲಿಂದ ನಿಮ್ಮ ಊರಾಚಿ ಬಾವಿ ಎಷ್ಟ ದೂರ, ಅಷ್ಟ ದೂರದಾಗ ಬಿದ್ದಿದ್ದ. ಕೈ ಎತ್ತಿ ಕರ್ಯಾಕತ್ತಿದ್ದ. ವೈರಿ ಮ್ಯಾಲ ನನ್ನ ಹತ್ರ ಇದ್ದ ಗುಂಡೆಲ್ಲಾ ಹಾಕಿದೆ. ನಡುವ ಮಣ್ಣ ಹಾರಿತು, ಅಷ್ಟ. ಮುಟ್ಟಲಿಲ್ಲ.”

“ಇದನ್ನ ಹೊತಗೊಂಡು ವರ್ಷಾ ವರ್ಷಾ ನನ್ನ ಮನಿಗೆ ಬರತಿದ್ದಿ?”

ಆಕೆ ಎದ್ದು ಒಳಗೆ ಹೋದಳು. ಗೊಂಬೆಯೂ ಆಕೆಯ ಕೈಯಲ್ಲೇ ಹೋಯಿತು. ನಾವು ತುಸು ಹೊತ್ತು ಕಾದು, ಉಣ್ಣದೇ ತಿರುಗಿ ಬಂದೆವು. ದಾರಿಯುದ್ದಕ್ಕೂ ನಾನು ಅತ್ತೆ, ಕಾಕಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಆ ವರ್ಷ ಹುಕ್ಕೇರಿಯಲ್ಲಿ ‘ಬಂದೂಕು’ ಎಂದವರೆಲ್ಲ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ ಉಂಡರು. ಕಾಕಾ ಯಾರನ್ನೂ ಹಿಡಿದು ಕೂಡಿಸಲಿಲ್ಲ. ತಡೆಯಲಾರದೆ ಒಂದು ದಿನ ಅಜ್ಜಿಯೇ ಎದ್ದುಬಂದು, “ಇದು ಯಾವ ಜಾತೀದಪ್ಪಾ?” ಎಂದು ಲಟ್ಟಣಿಗೆ ತೋರಿಸಿದಳು.

“ಲಟ್ಟಣಿಗಿ. ಮತ್ತೇನ?” ಅಂದರು ಕಾಕಾ.

ಅಜ್ಜಿ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುಬೇಸಿಗೆಗೆ ಮೂಡಲಗಿಯ ಸಂತೆಯವರ ಕೈಯಲ್ಲಿ ಮಾತು ಬಂತು: “ಮುದುಕಿ ದಾರಿ ನೋಡಾಕತ್ತಾಳ. ಆ ಹುಡುಗೀನೂ ಕರಕೊಂಡ ಬರಬೇಕಂತ.”

ಹೋದೆವು. ಕಾಕಾ ಹೊಸ್ತಿಲಲ್ಲೇ ನಿಂತರು, ನಾನು ಅವರ ಹಿಂದೆ. ಮುದುಕಿ ನಮ್ಮನ್ನು ದೇವರ ಜಗುಲಿಯ ಹತ್ತಿರ ಕರೆದೊಯ್ದಳು. ಅಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ನಮ್ಮ ಗೋಕಾಕದ ಸವಾರ ನಿಂತಿದ್ದ. ಅವನ ಮೊಂಡು ಬಂದೂಕಿಗೆ ಆಕೆ ಒಂದು ಜೋಳದ ದಂಟಿನ ಸೀಳು ಇಟ್ಟು, ಕೆಂಪು ದಾರ ಸುತ್ತಿ ಸುತ್ತಿ ಬಿಗಿದಿದ್ದಳು. ಬಂದೂಕು ಈಗ ಕುದುರೆಯ ಮೂಗನ್ನೂ ದಾಟಿತ್ತು.

“ಈಗ ಮುಟ್ಟತೈತಿಲ್ಲೋ, ತಮ್ಮಾ?”

ಸವಾರನಿಗೆ ಉದ್ದ ಬಂದೂಕು! ಕಾಕಾ ಅದನ್ನು ತಿದ್ದದೇ, ಕೈಕಾಲು ತೊಳೆದುಕೊಂಡು ಬಂದು ಆಕೆಯ ಮುಂದೆ ಊಟಕ್ಕೆ ಕೂತರು.