ನಮ್ಮ ಕಾಕಾಗೆ ಪುಣೆಯಲ್ಲಿ ನಿದ್ದೆ ಬರುವುದಿಲ್ಲ

ನಮ್ಮ ಕಾಕಾ ಬನಹಟ್ಟಿಯಲ್ಲಿ ಕೂತು ಒಂದು ಗುಟ್ಟು ಹೇಳಿದರೆ ಅದು ರಬಕವಿಯಲ್ಲಿ ಕೇಳಿಸುತ್ತದೆ. ನಡುವೆ ಇರುವವರ ಗತಿಯನ್ನು ಬೇರೆ ಹೇಳಬೇಕೇ? ಅವರ ಹೆಸರು ಮಾತ್ರ ಹೇಳುವುದಿಲ್ಲ. ಆ ಕಡೆಯವರಾಗಿದ್ದರೆ ನೀವು ದನಿಯ ಮೇಲೆಯೇ ಗುರುತು ಹಿಡಿದಿರುತ್ತೀರಿ!

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಕೆಲಸ ಮಗ್ಗದ ಜಾಬರ್. ಯಾರ ಮನೆಯ ಪವರ್‌ಲೂಮ್ ಮುನಿಸಿಕೊಂಡು ನಿಂತರೂ ನಟ್ಟು ಬಿಗಿಯುವ ಪಾನಾ ಹಿಡಿದು ಹೋಗಿ ರಮಿಸಿ ಮತ್ತೆ ಓಡಿಸುವವರು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲೇ ಇದ್ದವರು ಮೆಲ್ಲಗೆ ಮಾತಾಡುವುದನ್ನು ಎಲ್ಲಿ ಕಲಿಯಬೇಕು? ಆ ಓಣಿಯಲ್ಲಿ ಒಂದೋ ಒದರಬೇಕು, ಇಲ್ಲವೇ ಎದುರಿಗೆ ನಿಂತು ತುಟಿ, ಹುಬ್ಬು, ಕೈಗಳಲ್ಲಿ ಮಾತಾಡಬೇಕು. ಅಲ್ಲಿನ ಹೆಂಗಸರು ಈ ಕಟ್ಟೆಯಿಂದ ಆ ಕಟ್ಟೆಗೆ ಬರೀ ತುಟಿ ಅಲ್ಲಾಡಿಸಿ ಒಂದು ಸೀರೆಯ ಬೆಲೆಯನ್ನೂ ಅದನ್ನು ಉಟ್ಟವಳ ಗುಣವನ್ನೂ ಪೂರ್ತಿ ಹೇಳಿ ಮುಗಿಸುತ್ತಾರೆ. ನಮ್ಮ ಕಾಕಾ ಮಾತ್ರ ಒದರುವ ಪಂಗಡದವರು.

ನನ್ನ ತಂಗಿಯನ್ನು ನೋಡಲು ಮುಧೋಳದಿಂದ ಬೀಗರು ಬಂದಿದ್ದರು. ಹುಡುಗ ಟೊಪ್ಪಿಗೆ ಹಾಕಿಕೊಂಡು ಬಲು ಗಂಭೀರವಾಗಿ ಕೂತಿದ್ದ. ಕಾಕಾ ನನ್ನ ಕಿವಿಯ ಹತ್ತಿರ ಬಾಗಿ, ಕೈ ಅಡ್ಡ ಹಿಡಿದು, ತಮ್ಮ ಪ್ರಕಾರ ಪಿಸುಗುಟ್ಟಿದರು:

“ಟೊಪಗಿ ಕೆಳಗ ಏನೂ ಉಳದಂಗಿಲ್ಲ ನೋಡವಾ!”

ಚಹಾದ ಬಟ್ಟಲು ಎತ್ತಿದವರೆಲ್ಲ ಎತ್ತಿದಲ್ಲೇ ನಿಂತರು. ನನ್ನ ಅಪ್ಪ ನೆಲ ನೋಡತೊಡಗಿದರು. ಆ ಹುಡುಗ ಮೆಲ್ಲಗೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಹೌದ್ರೀ ಕಾಕಾ, ಏನೂ ಉಳಿದಿಲ್ರೀ” ಎಂದ. ಅಲ್ಲಿಯವರೆಗೆ ತಲೆ ಬಗ್ಗಿಸಿ ಕೂತಿದ್ದ ನನ್ನ ತಂಗಿ ಕಿಸಕ್ಕನೆ ನಕ್ಕುಬಿಟ್ಟಳು. ಸಂಬಂಧ ಕುದುರಿತು! ಕುದುರಿಸಿದ್ದು ತಾವೇ ಎಂದು ಕಾಕಾ ಇವತ್ತಿಗೂ ಎದೆ ಉಬ್ಬಿಸುತ್ತಾರೆ.

ಇಂಥ ಕಾಕಾಗೆ ಹೋದ ವರ್ಷ ಪುಣೆಯಿಂದ ನೌಕರಿಯ ಕರೆ ಬಂತು. ಬರಬೇಕಾದ ಹೊತ್ತಿಗೇ ಬಂತು ಅನ್ನಿ. ಓಣಿಯ ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದವು. ಮಗ್ಗವೇ ಇಲ್ಲದ ಮೇಲೆ ಜಾಬರ್ ಯಾರಿಗೆ ಬೇಕು? ಐವತ್ತು ದಾಟಿದ ಕಾಕಾ ವಾರದಲ್ಲಿ ಮೂರ್ನಾಲ್ಕು ದಿನ ಕಟ್ಟೆಯ ಮೇಲೆ ಕೂತು ಪಾನಾ ಒರೆಸುತ್ತಿದ್ದರು. ಪುಣೆಯ ಹೊರವಲಯದಲ್ಲಿ ಟವೆಲ್ ನೇಯುವ ಕಾರ್ಖಾನೆ ಇಟ್ಟಿದ್ದ ಮಾಲೀಕರು ಮೂಲತಃ ನಮ್ಮ ಕಡೆಯವರೇ; ಕಾಕಾನ ಕೈಗುಣ ಬಲ್ಲವರು. ತಿಂಗಳ ಪಗಾರ, ಇರಲು ಕ್ವಾರ್ಟರ್ಸು. ಇದಕ್ಕಿಂತ ಇನ್ನೇನು ಬೇಕು ಸ್ವಾಮಿ?

ಅವರು ಫೋನ್ ಮಾಡಿದರು. ಕಾಕಾ ಮಾತಾಡಿದರು. ಐದು ನಿಮಿಷದಲ್ಲಿ ಜಮಖಂಡಿಯಲ್ಲಿದ್ದ ನನಗೆ ಮಾಲೀಕರ ಫೋನ್ ಬಂತು.

“ತಾಯೀ, ನಿಮ್ಮ ಕಾಕಾರಿಗೆ ನನ್ನ ಮ್ಯಾಲೆ ಏನರ ಸಿಟ್ಟ ಐತೇನ್ರೀ? ನೌಕರಿ ಕೊಡ್ತೇನಿ ಅಂದ್ರ ಬೈದ್ರಲ್ಲ!”

“ಅಯ್ಯ, ಬೈದಿಲ್ರೀ! ಅವರು ಖುಷಿಲೆ ಮಾತಾಡೂದ ಹಂಗ!”

ಅಂದಿನಿಂದ ಪುಣೆಗೂ ಬನಹಟ್ಟಿಗೂ ನಡುವೆ ನಾನೇ ದಲ್ಲಾಳಿ. ಕಮಿಷನ್ ಮಾತ್ರ ಎರಡೂ ಕಡೆ ಇಲ್ಲ.

ಜಾಗ ನೋಡಿ ಬರಲು ಮೂವರು ಹೊರಟೆವು: ಕಾಕಾ, ನಾನು ಮತ್ತು ನಮ್ಮ ಕಾಕು. ಕಾಕು ಅಂದರೆ ಕಾಕಾನ ಹೆಂಡತಿ. ಮಗ್ಗಗಳ ನಡುವೆ ಕೂತು ಕಂಡಿಕೆಗೆ ನೂಲು ಸುತ್ತುತ್ತಲೇ ಸಂಸಾರ ತೂಗಿಸಿದವರು. ಮಾತು ಕಡಿಮೆ, ನಗು ಜಾಸ್ತಿ. ತವರು ಇಚಲಕರಂಜಿಯಾದ್ದರಿಂದ ಮರಾಠಿ ಅವರಿಗೆ ನೀರು ಕುಡಿದಷ್ಟು ಸಲೀಸು. ಹಾಗಾಗಿ ಪುಣೆಯಲ್ಲಿ ಕಾಕುವಿನ ಚಿಂತೆಯೇ ಇಲ್ಲ ಎಂದು ನಾನು ಅಂದುಕೊಂಡಿದ್ದೆ.

ಕ್ವಾರ್ಟರ್ಸು ನಾಲ್ಕನೇ ಮಾಳಿಗೆಯ ಮೇಲೆ. ಬಿಳೀ ಗೋಡೆ, ದೊಡ್ಡ ಕಿಟಕಿ, ಮೊದಲಿದ್ದವರು ಬಿಟ್ಟುಹೋದ ಒಂದು ವಾಷಿಂಗ್ ಮಷಿನ್. ಮತ್ತೆ ಮೌನ. ಎಂಥ ಮೌನ ಅಂತೀರಿ! ಊಟ ಮುಗಿಸಿ ಅಡ್ಡಾದ ಕಾಕಾ ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು, ಎದ್ದು ಕೂತರು.

“ಇಲ್ಲಿ ಯಾರರ ಸತ್ತಾರೇನ?”

ನಗಬೇಡಿ. ನಮ್ಮ ಬನಹಟ್ಟಿಯಲ್ಲಿ ಮಗ್ಗ ನಡೆದಿರುವಾಗ ಕೂಸುಗಳು ಹಾಯಾಗಿ ಮಲಗುತ್ತವೆ. ಕರೆಂಟು ಹೋಗಿ ಸಪ್ಪಳ ನಿಂತರೆ ಬೆಚ್ಚಿ ಎದ್ದು ಅಳುತ್ತವೆ. ಕಾಕಾ ಅಂಥ ಕೂಸೇ, ಮೀಸೆ ಬಂದಿದೆ ಅಷ್ಟೇ. ನಾನು ಕೆಳಗೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮನೆಯೊಳಗಿಂದ ಖಟಕ್-ಪಟಕ್, ಖಟಕ್-ಪಟಕ್ ಎಂಬ ಸದ್ದು ಮೆಟ್ಟಿಲಿಗೆಲ್ಲ ಕೇಳುತ್ತಿದೆ. ಓಡಿ ಹೋಗಿ ನೋಡಿದರೆ ಏನು? ಕಾಕಾ ತಮ್ಮ ಎರಡೂ ಚಪ್ಪಲಿಗಳನ್ನು ವಾಷಿಂಗ್ ಮಷಿನ್‌ಗೆ ಹಾಕಿ ತಿರುಗಲು ಬಿಟ್ಟು, ಅದರ ಪಕ್ಕದಲ್ಲೇ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದಾರೆ!

ಎದುರು ಮನೆಯ ಹೆಂಗಸು, ಅಲ್ಲಿಯವರ ಮಾತಿನಲ್ಲಿ ‘ಬಾಯಿ’, ಬಾಗಿಲಿಗೆ ಬಂದಿದ್ದರು. ಸೆರಗಿನಿಂದ ಬಾಯಿ ಮುಚ್ಚಿ ನಗು ತಡೆದುಕೊಂಡು ಮರಾಠಿಯಲ್ಲಿ ಕಾಕುವನ್ನು ಮೆಲ್ಲಗೆ ಕೇಳಿದರು: “ಮಷಿನ್ ಕೆಟ್ಟಿದೆಯೇನ್ರೀ?”

“ಹೌದ್ರೀ, ಇವತ್ತ ಬಂದೇವಿ” ಎಂದು ಕಾಕು ಮರಾಠಿಯಲ್ಲೇ ನಗುತ್ತ ಉತ್ತರಿಸಿದರು.

“ಅಲ್ಲ, ಸದ್ದು ಯಾತರದು?”

“ಊಟ ಆತ್ರೀ, ನಿಮ್ಮದು?”

ಆ ಬಾಯಿ ಕಾಕುವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಹೊರಟುಹೋದರು. ಗಂಡನ ಮರ್ಯಾದೆ ಉಳಿಸಲು ಕಾಕು ಬೇಕೆಂದೇ ಮಾತು ಹಾರಿಸಿದರು ಎಂದು ನಾನು ಒಳಗೊಳಗೇ ಮೆಚ್ಚಿಕೊಂಡೆ. ಹಿಂದೆ ಎದ್ದು ಕೂತಿದ್ದ ಕಾಕಾ ಮಾತ್ರ ನಗಲಿಲ್ಲ. ಮಷಿನ್ ನಿಲ್ಲಿಸಿ, ಚಪ್ಪಲಿ ತೆಗೆದು, “ಊರಿಗೆ ನಡೀರಿ” ಎಂದರು.

ಊರಿಗೆ ಬಂದದ್ದೇ ತಡ, ಶುರುವಾಯಿತು ನೋಡಿ ತಕರಾರು! ನೀರು ಸಪ್ಪಗೆ. ಲಿಫ್ಟಿನಲ್ಲಿ ಜೀವ ಝಲ್ ಅನ್ನುತ್ತದೆ. ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ.

“ಅಲ್ಲಿ ಕಾಗಿ ಸೈತ ಸಣ್ಣ ದನಿಯಾಗ ಒದರತಾವವಾ. ಮನಷಾರು ಇರೂ ಊರ ಅಲ್ಲದು.”

“ಕಾಕಾ, ಖರೆ ಹೇಳ್ರಿ. ಯಾಕ ಒಲ್ಲೆ ಅಂತೀರಿ?”

“ನನಗ ಅಲ್ಲಿ ನಿದ್ದಿ ಬರಂಗಿಲ್ಲ.”

“ನಿದ್ದಿ ಸಲುವಾಗಿ ಯಾರರ ಬಂದ ನೌಕರಿ ಬಿಡ್ತಾರೇನ್ರೀ?”

“ಎಚ್ಚರಿದ್ದಾಗ ಮಾಡೂದು ನೌಕರಿ. ನಿದ್ದಿ ಇಲ್ಲಂದ್ರ ಎಚ್ಚರ ಆಗೂದು ಹೆಂಗ?”

ಇಂಥ ಮನುಷ್ಯರಿಗೆ ಏನು ಹೇಳುವುದು? ಆ ಕಡೆ ಮಾಲೀಕರು, ಭಾನುವಾರ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಮಗ್ಗಗಳೆಲ್ಲ ಗುಜರಿಗೆ ಹೋದ ಮೇಲೆ ಇವರು ಏನು ತಿನ್ನುತ್ತಾರೆ, ನಿದ್ದೆಯನ್ನೇ? ಭಾನುವಾರ ಮಧ್ಯಾಹ್ನ ಜಮಖಂಡಿಯಲ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಒಪ್ಪವಾಗಿ ಜೋಡಿಸಿಕೊಂಡೆ.

ನಾನು ಮನೆ ಮುಟ್ಟುವ ಹೊತ್ತಿಗೆ ಕರೆಂಟು ಹೋಗಿತ್ತು. ಓಣಿ ಗಪ್ಪಾಗಿತ್ತು. ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ಅಂಗಳದಲ್ಲಿ ಕಾಕು ನಮಗೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತಿದ್ದರು.

“ಕಾಕು, ನೀವರ ಇವರಿಗೆ ಬುದ್ಧಿ ಹೇಳ್ರಿ!” ಎಂದೆ. ಕಾಕು ತಿರುಗಲಿಲ್ಲ.

“ಕಾಕೂ!” ಎಂದು ಇನ್ನೂ ಜೋರಾಗಿ ಕೂಗಿದೆ. ಅವರ ಕೈ ಮೊರದಲ್ಲಿ ಆಡುತ್ತಲೇ ಇತ್ತು.

ಕಾಕಾ ನನಗೆ ಕೈ ಮಾಡಿ ತಡೆದರು. ಆಮೇಲೆ ಕೂತಲ್ಲೇ ಹೊರಳಿ, ತಮ್ಮ ಮುಖ ಅಂಗಳದ ಕಡೆ ಕಾಣದ ಹಾಗೆ ಗೋಡೆಗೆ ಮಾಡಿಕೊಂಡು ಹೇಳಿದರು:

“ಒದರಬ್ಯಾಡವಾ. ಆಕಿಗೆ ಕೇಳಂಗಿಲ್ಲ.”

“ಅಂದ್ರ?”

“ಮಗ್ಗದ ಸಪ್ಪಳಕ್ಕ ಕಿವಿ ಹೋಗ್ಯಾವು. ಬಾಳ ವರ್ಷ ಆತು. ನನಗ ಗೊತ್ತಿಲ್ಲ ಅಂತ ತಿಳಕೊಂಡಾಳ. ನಾನೂ ಗೊತ್ತಿಲ್ಲದಂಗ ಇದ್ದೇನಿ.”

“ಡಾಕ್ಟರಿಗೆ ತೋರಸಬೇಕಿಲ್ಲೋ ಕಾಕಾ? ಕಿವಿಗೆ ಮಷಿನ್ ಸಿಗತಾವ...”

“ಬ್ಯಾರೆ ಯಾರದೋ ಹೆಸರ ತಗದು ಒಮ್ಮೆ ಹೇಳಿ ನೋಡಿದೆ. ‘ನನಗೇನ ಆಗೇತಿ?’ ಅಂತ ಅವತ್ತ ಊಟಾನ ಮಾಡಲಿಲ್ಲ. ಇಲ್ಲಿ ಎಲ್ಲಾರೂ ಮಾರಿ ನೋಡೇ ಮಾತಾಡ್ತಾರ, ಆಕಿನೂ ಹಂಗ ಮಾತಾಡ್ತಾಳ. ಮಗ್ಗ ಹೋದ್ರೂ ಮಂದಿ ಚಾಳಿ ಹೋಗಂಗಿಲ್ಲ. ಇಲ್ಲಿ ಆಕಿ ಕಿವುಡಿ ಅಲ್ಲವಾ. ಪುಣೆಕ್ಕ ಹೋದ ದಿನಾನ ಕಿವುಡಿ ಆಗ್ತಾಳ. ಆ ಬಾಯಿ ಹೆಂಗ ನೋಡಿದ್ಲು ನೀನೂ ಕಂಡಿಯಲ್ಲ.”

ಜೋಡಿಸಿಕೊಂಡು ಬಂದ ಬೈಗುಳವೊಂದೂ ನೆನಪಾಗಲಿಲ್ಲ. “ಮತ್ತ ಹೊಟ್ಟಿಗೆ, ಕಾಕಾ?” ಎಂದೆ.

“ಸಮೀರವಾಡಿ ಸಕ್ಕರಿ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಕ್ಕಾವಲ್ಲ, ಅವೂ ಕೆಡ್ತಾವ. ನಟ್ಟು ಎಲ್ಲಿದ್ರೂ ನಟ್ಟ. ಆಕಿ ಒಬ್ಬಾಕಿ ಕಳವಳ ಪಡಬಾರದು.”

ಅಷ್ಟರಲ್ಲಿ ಕಾಕು ಮೊರ ಎತ್ತಿಕೊಂಡು ತಿರುಗಿದರು. “ಅಯ್ಯ, ಯಾವಾಗ ಬಂದಿ ಬೇ?” ಎಂದು ಅರಳಿ ನಕ್ಕರು. ನಾನು ಅವರ ಎದುರಿಗೆ ಹೋಗಿ ನಿಂತೆ. ಅವರ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಇಷ್ಟು ವರ್ಷ ಅದನ್ನು ಬರೀ ಪ್ರೀತಿ ಎಂದುಕೊಂಡಿದ್ದೆ.

“ಪುಣೆಕ್ಕ ಹೋಗಂಗಿಲ್ಲಂತ್ರೀ” ಎಂದೆ, ಒಂದೊಂದೇ ಮಾತು ಬಿಡಿಸಿ.

ಕಾಕು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು:

“ಅವರಿಗೆ ಬೈಬ್ಯಾಡವಾ. ನನಗ ಆ ಮನಿ ಬಾಳ ಸೇರಿತ್ತು, ಕಿಡಕಿ ಎಷ್ಟ ಛಲೋ ಇದ್ದೂ! ಆದ್ರ ಪಾಪ, ಅವರಿಗೆ ಅಲ್ಲಿ ನಿದ್ದಿ ಬರಂಗಿಲ್ಲಲ್ಲ. ಅವರ ಸಲುವಾಗಿ ನಾನ ಬ್ಯಾಡ ಅಂದೇನಿ.”

ನನಗೆ ಅಳು ತಡೆಯಲಾಗಲಿಲ್ಲ. ಫೋನ್ ಮಾಡುವ ನೆಪ ಹೇಳಿ ಹಿತ್ತಲಿಗೆ ಹೋದೆ. ಕಾಕಾ ಬರುವುದಿಲ್ಲ ಎಂದದ್ದಕ್ಕೆ ಮಾಲೀಕರಿಗೆ ಆಶ್ಚರ್ಯ.

“ಯಾಕ್ರೀ ತಾಯೀ? ಪಗಾರ ಕಮ್ಮಿ ಆತೇನು?”

“ಇಲ್ರೀ. ನಮ್ಮ ಕಾಕಾಗ ಅಲ್ಲಿ ನಿದ್ದಿ ಬರಂಗಿಲ್ಲ.”

ಅವರು ಬಹಳ ಹೊತ್ತು ನಕ್ಕರು. “ಬಾಳ ವಿಚಿತ್ರ ಮನಷಾ ಬಿಡ್ರಿ ನಿಮ್ಮ ಕಾಕಾ!”

“ಹೌದ್ರೀ, ಬಾಳ ವಿಚಿತ್ರ” ಎಂದೆ. ಮೆಲ್ಲಗೇ ಅಂದಿದ್ದೆ, ಅವರಿಗೆ ಕೇಳಿಸಿತೋ ಇಲ್ಲವೋ.